ಬೇಲಿ ದಾಟಿದ ಪೈನ್ ಸಸಿಗಳು

ಮೊನ್ನೆ ಸಿಡ್ನಿಯ ಟೂಂಗಾಬಿಯಲ್ಲಿರುವ ನಮ್ಮ ಮನೆಗೆ ನೆಲ ಒರೆಸಲು ಹೊಸ ಫಿನಾಯಿಲ್ ತಂದೆ. ಮುಚ್ಚಳ ತೆಗೆದದ್ದೇ ತಡ, ಪೈನ್ ಮರದ ವಾಸನೆ. "ನೈಸ್ ಸ್ಮೆಲ್, ಅಮ್ಮಾ" ಎಂದಳು ಮಗಳು. ನನಗೋ ಮೈಯೆಲ್ಲ ಉರಿಯಿತು. ಫಿನಾಯಿಲ್ ಮೇಲೆ ಸಿಟ್ಟಾಗುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ, ಕಾರಣ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ನಾನೂ ಮೈಸೂರಿನ ವಸಂತಿಯೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಾನು ಓದುತ್ತಿದ್ದದ್ದು ಅಕೌಂಟಿಂಗ್. ಗಿಡಗಳಲ್ಲಿ ಕರಿಬೇವೊಂದನ್ನು ಗುರುತಿಸಬಲ್ಲೆ, ಅದೂ ಒಗ್ಗರಣೆಯಲ್ಲಿದ್ದರೆ. ಅವಳದು ಮರಗಳ ಸಂಶೋಧನೆ. ಊರಾಚೆ ಕಂಪನಿಯೊಂದು ಬೆಳೆಸಿದ ಪೈನ್ ತೋಪಿತ್ತು. ಅದರ ಬೀಜ ಗಾಳಿಗೆ ಹಾರಿ, ಬೇಲಿಯಾಚೆಯ ನೀಲಗಿರಿ ಮರಗಳ ಸರ್ಕಾರಿ ಕಾಡಿನಲ್ಲಿ ತಾನಾಗಿ ಮೊಳೆಯುತ್ತಿತ್ತು. ಅವಳ ಪ್ರೊಫೆಸರ್ ಯುರೋಪಿನವರು. ಅಲ್ಲಿ ಪೈನಿನ ನೆಂಟನಾದ ಸ್ಪ್ರೂಸ್ ಮರದ ಸಸಿಗಳು ಹೀಗೆ ಹುಟ್ಟಿದರೆ ಬಿಟ್ಟಿ ಕಾಡು ಬಂತೆಂದು ಖುಷಿಪಡುತ್ತಾರಂತೆ. ಇಲ್ಲಿ ನೀಲಗಿರಿಯೇ ನೆಲದ ಮರ, ಪೈನ್ ಹೊರಗಿನದು; ಅದು ಹುಟ್ಟಿದರೆ ಇರುವ ಕಾಡಿಗೇ ಕುತ್ತು. ವಸಂತಿ ಸಸಿಗೊಂದು ತಗಡಿನ ಬಿಲ್ಲೆ ಕಟ್ಟಿ ಎರಡು ವರ್ಷ ಅಳೆದಳು. ಶನಿವಾರ ಟೇಪ್ ಹಿಡಿಯುವ ಕೆಲಸ ನನ್ನದು.

ಒಂದು ಶನಿವಾರ ಹೋಗಿ ನೋಡಿದರೆ, ಬೇಲಿಯುದ್ದಕ್ಕೂ ಸಸಿಗಳೆಲ್ಲ ಕಂದಿ ಸತ್ತಿದ್ದವು. ಕಂಪನಿಯವರು ಕಳೆನಾಶಕ ಹೊಡೆಸಿದ್ದರು. ತೋಪು ಕಾಡಿಗೆ ಹಬ್ಬಿದೆಯೆಂದು ಸಾಬೀತಾದರೆ ಕೀಳುವ ಹೊಣೆ ಅವರ ತಲೆಗೇ ಬರುತ್ತಿತ್ತಲ್ಲ!

"ಕಳೆ ತಾನೆ? ನಮಗೆ ಥ್ಯಾಂಕ್ಸ್ ಹೇಳಿ" ಎಂದು ಅಲ್ಲಿನ ಮ್ಯಾನೇಜರ್ ನಕ್ಕ. ಪ್ರೊಫೆಸರ್ ಇನ್ನೂ ನಯವಾಗಿ, ಗಲಾಟೆ ಬೇಡ, ಟಾಪಿಕ್ ಬದಲಿಸು, ನಿನ್ನ ವೀಸಾ ನೆನಪಿರಲಿ ಎಂದರು.

ಮನೆಯಲ್ಲಿ ಅನ್ನ ಬಸಿಯುತ್ತಲೇ ವಸಂತಿ ಗುಡುಗಿದಳು: "ಕಳೆ ಅಂತ ನಂಗೊತ್ತಿಲ್ವೇನೇ? ಯಾರ ಕಳೆ ಅಂತ ಬರೀತಿದ್ದೆ ಕಣೇ ನಾನು!"

ಟಾಪಿಕ್ ಬದಲಾಗಲಿಲ್ಲ. ಮುಂದಿನ ವಾರ ಅವಳು ಔಷಧಿ ತಲುಪದ ಕಾಡಿನ ಒಳಭಾಗಕ್ಕೆ ನಡೆದಳು. ಹಿಂದೆ ಟೇಪ್ ಹಿಡಿದು ನಾನು. ಕಪ್ಪು ಕಾಕಟೂ ಗಿಳಿಗಳು ಪೈನ್ ಕಾಯಿ ಕಚ್ಚಿಕೊಂಡು ಹಾರಿ ಅಲ್ಲೆಲ್ಲ ಉದುರಿಸಿದ್ದವು. ಕಂಪನಿ ಊಹಿಸದಷ್ಟು ದೂರದಲ್ಲಿ ಆಳೆತ್ತರದ ಪೈನ್‌ಗಳು! ಮೊದಲಿನಿಂದ ಅಳೆದು, ಬರೆದು, ಡಾಕ್ಟರೇಟ್ ಪಡೆದಳು. ಕಂಪನಿ ಮಾತ್ರ, ಇನ್ನಷ್ಟು ಅಧ್ಯಯನ ಬೇಕೆಂದು ಹೇಳಿ ಒಂದು ಸಸಿಯನ್ನೂ ಕೀಳಲಿಲ್ಲ. ಇಂದಿಗೂ ಕಿತ್ತಿಲ್ಲ.

ಫಿನಾಯಿಲ್ ತಂದ ದಿನವೇ ವಸಂತಿಗೆ ಫೋನ್ ಮಾಡಿದೆ. "ಈಗ್ಲೂ ಸಿಟ್ಟಿದ್ಯೇನೇ?"

"ಇಲ್ದೆ? ಶನಿವಾರ ಶನಿವಾರ ನಾವೊಂದಷ್ಟು ಜನ ಸೇರಿ ನಾವೇ ಹೋಗಿ ಕೀಳ್ತಿದೀವಿ. ಫೋನ್ ಹಿಡ್ಕೊಂಡು ಕೂತು ಕೋಪ ಮಾಡ್ಕೋಬೇಡ, ಬಾ."

ನಾರ್ತ್ ಸಿಡ್ನಿಯ ಆಫೀಸಿಗೆ ರಜೆ ಹೇಳಿ ಮೆಲ್ಬರ್ನ್‌ಗೆ ಎರಡು ಟಿಕೆಟ್ ಬುಕ್ ಮಾಡಿದೆ. "ವೈ ಮೀ?" ಎಂದಳು ಮಗಳು.

"ಸಸಿ ಕೀಳೋಕೆ ಬಗ್ಗಬೇಕು. ನನ್ನ ಸೊಂಟ ಬಗ್ಗಲ್ಲ."

ಸಿಟ್ಟೇನೂ ಇಳಿದಿರಲಿಲ್ಲ. ಗ್ಯಾರೇಜಿಗೆ ಹೋಗಿ ಇಬ್ಬರಿಗೂ ಕೈಗವಸು ಹುಡುಕತೊಡಗಿದೆ.