ಬಿರುಕಿನ ಮೇಲಿನ ಸಾಕ್ಷಿ

ಒಡೆದದ್ದು, ಕೊಳೆಯಾದದ್ದು ಝೆಲಿಯ ಕಣ್ಣಿಗೆ ಬೀಳಬಾರದು. ಹದಿನಾಲ್ಕಕ್ಕೇ ಬ್ರಸ್ಸೊಲ್ ಗಣಿಯ ಬಾಯಲ್ಲಿ ನಿಂತು ಕಲ್ಲಿದ್ದಲಿನಿಂದ ಕಲ್ಲು ಆರಿಸಿದವಳು. ಆದರೆ ಕಪ್ಪು ಅನ್ನುವುದು ಅವಳ ಮನೆಯ ಹೊಸಿಲು ದಾಟಕೂಡದು. ಗಂಡ ಫಿರ್ಮ್ಯಾನನ ಬೂಟು ಹೊರಗೆ, ಬಟ್ಟೆ ಹೊರಗೆ. ಅವನ ಎದೆಯಲ್ಲಿ ಕೂತ ಧೂಳನ್ನು ಮಾತ್ರ ಹೊರಗಿಡಲು ಅವಳ ಕೈಲಾಗಲಿಲ್ಲ. ಗಣಿ ಮುಚ್ಚಿ ವರ್ಷಗಳಾದರೂ ಅವನು ಉಸಿರೆಳೆದರೆ ತೂತುಬಿದ್ದ ತಿದಿಯ ಸದ್ದು.

ಗಣಿ ಮುಚ್ಚಿತು, ಊರಿನ ಕೆಳಗಿನ ಟೊಳ್ಳು ಮುಚ್ಚಲಿಲ್ಲ. ಝೆಲಿಯ ಮನೆಯಿದ್ದ ಸಾಲಿನಲ್ಲಿ ಬಿರುಕಿಲ್ಲದ ಮನೆಯೇ ಇಲ್ಲ. ಪುರಸಭೆಯವನು ಬಂದು ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಗಾರೆ ಮೆತ್ತಿ, ಹಸಿಯಿರುವಾಗಲೇ ತಾರೀಖು ಗೀರಿ ಹೋಗುತ್ತಿದ್ದ. ಅದಕ್ಕೆ ಸಾಕ್ಷಿ ಅಂತ ಹೆಸರು. ಸಾಕ್ಷಿ ಗಟ್ಟಿಯಿದ್ದರೆ ನೆಲ ಮಲಗಿದೆ. ಸೀಳಿದರೆ ಎದ್ದಿದೆ, ಮನೆ ಬಿಡಬೇಕು. ಸಾಲಿನ ಕೊನೆಯ ಮನೆಯವರು ಹಾಗೇ ಬಿಟ್ಟುಹೋಗಿದ್ದರು. ಅವರ ಬಾಗಿಲಿಗೆ ಈಗ ಹಲಗೆ ಹೊಡೆದಿದೆ.

ಗಣಿಯವರನ್ನು ಕಾಯುವ ಸಂತ ಬಾರ್ಬೆಯ ಹಬ್ಬಕ್ಕೆ ಮುಂಚೆ ಸಾಲಿನ ಹೆಂಗಸರೆಲ್ಲ ಗೋಡೆಗೆ ಸುಣ್ಣ ಬಳಿಯುತ್ತಾರೆ. ಈ ಸಲ ಮಗಳು ಮಾರೀಸ್ ತನ್ನ ಎಳೆಗೂಸನ್ನು ಎತ್ತಿಕೊಂಡು ಮೊದಲ ಬಾರಿಗೆ ಲಿಯಾನ್‌ನಿಂದ ಬರುವವಳಿದ್ದಳು. ಝೆಲಿ ಒಲೆಯ ಪಕ್ಕದ ಬೀರು ಸರಿಸಿದಳು. ಅದರ ಹಿಂದೆ ಗೋಡೆಯ ಮೇಲಿದ್ದ ಸಾಕ್ಷಿ ಎರಡು ಹೋಳಾಗಿತ್ತು.

ಸುಣ್ಣದ ಕುಂಚ ಹಿಡಿದು ಅವಳು ಹಾಗೇ ನಿಂತಳು. ಹೇಳಿದರೆ ನಾಳೆಯೇ ಹಲಗೆ ಹೊಡೆಯುತ್ತಾರೆ. ಮೊಮ್ಮಗಳು ಅಜ್ಜಿಮನೆ ಅಂತ ನೋಡುವುದು ಹಲಗೆಯನ್ನೇ? ‘ಹಬ್ಬ ಒಂದು ಮುಗೀಲಿ’ ಅಂದುಕೊಂಡಳು. ಹಳೆಯದನ್ನು ಕೆರೆದು ಹೊಸ ಗಾರೆ ಮೆತ್ತಿದಳು, ತಲೆಪಿನ್ನಿನಿಂದ ಹಳೆಯ ತಾರೀಖನ್ನೇ ಗೀರಿದಳು. ಬೀರು ಹೋದ ಜಾಗ ಬೆಚ್ಚಗಿತ್ತು. ತೊಟ್ಟಿಲು ಅಲ್ಲೇ ಇಟ್ಟಳು.

ಹಬ್ಬದ ಮಧ್ಯಾಹ್ನ ಎಲ್ಲರೂ ಹಂದಿಕಾಲಿನ ಸಾರು ಮುಂದಿಟ್ಟುಕೊಂಡು ಕೂತರು. ಮಗು ಹಾಲು ಕುಡಿದು, ಬಾಯಂಚಿನಲ್ಲಿ ಒಂದು ತೊಟ್ಟು ಉಳಿಸಿಕೊಂಡು ಮಲಗಿತ್ತು.

“ಅಮ್ಮಾ, ಈ ಮುಂಬಾಗಿಲಿಗೇನಾಗಿದೆ? ಭುಜ ಕೊಟ್ಟು ನೂಕ್ಬೇಕಾಯ್ತು,” ಅಂದಳು ಮಾರೀಸ್.

“ಚಳಿಗೆ ಮರ ಉಬ್ಬಿದೆ ಕಣೇ.”

“ಮರ ಉಬ್ಬೋದು ಮಳೆಗೆ, ಚಳಿಗಲ್ಲ,” ಅಂದ ಫಿರ್ಮ್ಯಾನ್.

“ಓಹೋ, ಬಂದ ನೋಡು ಮರದ ಪಂಡಿತ!”

“ಹೌದೇ. ಪೈನ್ ಮರ ಮುರಿಯೋ ಮುಂಚೆ ಅಳುತ್ತೆ, ಓಕ್ ಹೇಳ್ದೆ ಕೇಳ್ದೆ ಕೊಲ್ಲುತ್ತೆ. ಅಷ್ಟು ಗೊತ್ತಿದ್ದಕ್ಕೇ ಗಣಿಯಿಂದ ಜೀವಂತ ಬಂದೆ. ನೆಲಮಾಳಿಗೆಗೂ ಪೈನ್ ಕಂಬಾನೇ ಕೊಟ್ಟಿದೀನಿ.”

“ನಾನು ಕಟ್ಕೊಂಡಿದ್ದೂ ಪೈನೇ. ಮೂರು ಹೊತ್ತೂ ಅಳುತ್ತೆ, ಮುರಿಯೋದು ಮಾತ್ರ ಇಲ್ಲ!”

ಮಾರೀಸ್ ನಕ್ಕಳು, ಅವನೂ ಕೆಮ್ಮುತ್ತ ನಕ್ಕ. ನಗು ತಗ್ಗಿದಾಗ ಕೆಳಗಿನಿಂದ ನಾಯಿಮರಿ ಕುಂಯ್ಗುಟ್ಟಿದಂಥ ಸದ್ದು ಬಂತು.

ಫಿರ್ಮ್ಯಾನನ ಚಮಚ ಗಾಳಿಯಲ್ಲೇ ನಿಂತಿತು. ಉಸಿರನ್ನೂ ಹಿಡಿದ. ಮತ್ತೆ ಅದೇ ಸದ್ದು, ಈ ಸಲ ಉದ್ದಕ್ಕೆ.

“ಬೆಕ್ಕಾ ಅಪ್ಪಾ?”

ಅವನು ಎದ್ದು, ತೊಟ್ಟಿಲ ಮೇಲೆ ಬಾಗಿ ಸಾಕ್ಷಿಯ ಮೇಲೆ ಬೆರಳಾಡಿಸಿದ. “ಗಟ್ಟಿಯಿದೆ. ಕೂದಲೆಳೆಯಷ್ಟೂ ಸೀಳಿಲ್ಲ. ಕಂಬಕ್ಕೆ ಥಂಡಿ ಹಿಡ್ದಿರ್ಬೇಕು. ತಿನ್ನಿ, ತಿನ್ನಿ,” ಅಂತ ಬಂದು ಕೂತ.

ಝೆಲಿ ತೊಟ್ಟಿಲಿನತ್ತ ನೋಡಿದಳು. ಸಂಜೆ ಬಸ್ಸಿಗೆ ಮಗಳು ಹೊರಟುಬಿಡುತ್ತಾಳೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮಗು ನಿದ್ದೆಯಲ್ಲೇ ಬಾಯಿ ಚೀಪಿತು. ಅದರ ಕೆನ್ನೆಯ ಮೇಲೆ ಗೋಡೆಯಿಂದ ಹಿಟ್ಟಿನಂಥ ಬಿಳಿ ಪುಡಿ ಉದುರಿತ್ತು.

“ಆ ಸಾಕ್ಷಿ ಹೊಸದು,” ಅಂದಳು.

“ಏನಂದೆ?”

“ಹಳೇದು ಒಡ್ದಿತ್ತು. ಸುಣ್ಣ ಬಳಿಯೋವಾಗ ನಾನೇ ಮೆತ್ತಿದೆ.”

ಅವನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಗಣಿಯೊಳಗೆ ಮಾತಾಡುತ್ತಿದ್ದ ತಗ್ಗಿದ ದನಿಯಲ್ಲಿ, “ಮೊದ್ಲು ಮಗು,” ಅಂದ. “ಮಾರೀಸ್, ಎತ್ಕೋ. ಓಡ್ಬೇಡ. ಹೆಜ್ಜೆ ಹಗುರಕ್ಕಿಡು.”

ಮೂವರೂ ರಸ್ತೆಯಾಚೆಯ ನೀರಿನ ಕೊಳಾಯಿಯ ಹತ್ತಿರ ನಿಂತರು. ಮಾರೀಸ್ ಮಗುವನ್ನು ರವಿಕೆಯೊಳಗೆ ಸೇರಿಸಿಕೊಂಡಿದ್ದಳು, ಕೋಟು ಒಳಗೇ ಉಳಿದಿತ್ತು. ತಾಯಿಯತ್ತ ಅವಳು ತಿರುಗಿಯೂ ನೋಡಲಿಲ್ಲ.

“ಒಲೆ ಮೇಲೆ ಕಾಫಿ ಕುದೀತಿದೆ. ಮಗೂನ ಶಾಲೂ ಅಲ್ಲೇ ಇದೆ,” ಅಂತ ಝೆಲಿ ಮುಂದಕ್ಕೆ ಹೆಜ್ಜೆಯಿಟ್ಟಳು.

ಫಿರ್ಮ್ಯಾನ್ ಅವಳ ಮಣಿಕಟ್ಟು ಹಿಡಿದ. “ಕುದ್ದು ಬತ್ತಲಿ ಬಿಡು.”

ಇಗರ್ಜಿಯಲ್ಲಿ ಬಾರ್ಬೆಯ ಗಂಟೆ ಬಾರಿಸುತ್ತಿತ್ತು. ಗಾಳಿಯಿರಲಿಲ್ಲ, ಅವರ ಚಿಮಣಿಯ ಹೊಗೆ ನೆಟ್ಟಗೆ ಏರುತ್ತಿತ್ತು. ಬೆಳಗ್ಗೆ ಭುಜ ಕೊಡದೆ ಜಗ್ಗದಿದ್ದ ಮುಂಬಾಗಿಲನ್ನು ಅವರು ಹಾರುಹೊಡೆದು ಬಂದಿದ್ದರು. ನೋಡುತ್ತಿದ್ದಂತೆಯೇ ಅದು ಕಿರುಗುಟ್ಟದೆ, ಮೆಲ್ಲಗೆ, ಒಳಗೆ ಯಾರೋ ಹಿಡಿದೆಳೆದಂತೆ ತಾನಾಗಿಯೇ ಮುಚ್ಚಿಕೊಂಡಿತು.