ಮೈಕ್ ದತ್ತಣ್ಣನ ಮುಖ

ಮೈಕ್ ಬಾಯಿಗೆ ಹಿಡಿಯುವ ಮೊದಲು ದತ್ತಣ್ಣ ನಾಲಿಗೆಯ ಮೇಲೆ ಒಂದು ಕಾಳುಮೆಣಸು ಇಟ್ಟುಕೊಳ್ಳುತ್ತಿದ್ದ. ಅಗಿಯುತ್ತಿರಲಿಲ್ಲ. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸುತ್ತ, ಅದರ ಖಾರ ಗಂಟಲಿಗಿಳಿಯುವವರೆಗೆ ಕಾಯುತ್ತಿದ್ದ. ಆಮೇಲೆ ಆಟೋದ ಮೇಲಿನ ತುತ್ತೂರಿಯಿಂದ ಅವನ ದನಿ ಹೊರಡುತ್ತಿತ್ತು. ಶಿರಸಿಯಲ್ಲಿ ಆ ದನಿ ಗೊತ್ತಿಲ್ಲದ ಮನೆ ಇರಲಿಲ್ಲ. ಸಿದ್ದಾಪುರ, ಯಲ್ಲಾಪುರಗಳಲ್ಲೂ ಅಷ್ಟೆ. ಸಿನಿಮಾ ಬದಲಾದರೆ, ನಾಳೆ ನೀರು ಬರುವುದಿಲ್ಲವಾದರೆ, ಪೇಟೆಗೆ ಸೀರೆ ಮಾರಾಟದವರು ಬಂದರೆ ಅವನೇ ಹೇಳಬೇಕು.

ಗಂಟಲಿನ ವಿಷಯದಲ್ಲಿ ಅವನಿಗೆ ಬಹಳ ಭಯ. ಏಪ್ರಿಲ್ ಸೆಕೆಯಲ್ಲೂ ಬೂದು ಬಣ್ಣದ ಮಫ್ಲರನ್ನು ಕಿವಿ, ಗಲ್ಲ ಮುಚ್ಚುವಂತೆ ಸುತ್ತಿಕೊಂಡಿರುತ್ತಿದ್ದ. ಉಳಿದ ಮುಖಕ್ಕೆ ಮೈಕ್ ಅಡ್ಡ ಇರುತ್ತಿತ್ತು.

ನಮ್ಮದು ಪೇಟೆಯಲ್ಲಿ ಒಂದು ಸಣ್ಣ ಅಚ್ಚುಕೂಟ. ಮದುವೆ ಕಾಗದ, ರಸೀದಿ ಪುಸ್ತಕ, ಹ್ಯಾಂಡ್‌ಬಿಲ್. ಕಾಲೇಜಿನಿಂದ ಬಂದ ಮೇಲೆ ನಾನು ಅಪ್ಪಯ್ಯನ ಜೊತೆ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಹ್ಯಾಂಡ್‌ಬಿಲ್ ಮಾಡಿಸಿದವರು ಹೆಚ್ಚಾಗಿ ಮೈಕಿನಲ್ಲೂ ಹೇಳಿಸುತ್ತಿದ್ದರು. ಹಾಗಾಗಿ ದತ್ತಣ್ಣ ವಾರಕ್ಕೆ ಎರಡು ಮೂರು ಸಲ ಬರುತ್ತಿದ್ದ. ಒಳಗೆ ಕೂರುತ್ತಿರಲಿಲ್ಲ. ಶಾಯಿಯ ವಾಸನೆ ಗಂಟಲಿಗಾಗದು ಎಂದು ಬಾಗಿಲಲ್ಲೇ, ಬೀದಿಯ ಬೆಳಕಿಗೆ ಬೆನ್ನು ಹಾಕಿ ನಿಂತು ಪ್ರೂಫ್ ಓದಿಕೊಳ್ಳುತ್ತಿದ್ದ. ಮೈಕ್ ಇಲ್ಲದಾಗ ಅವನ ಮಾತು ಪಿಸುಗುಟ್ಟಿದಂತೆ.

"ತಂಗೀ, ಇಲ್ಲೊಂದು ಗೀಟು ಹಾಕವ್ವಾ. ನನಗ ಉಸರು ಬೇಕಲ್ಲ" ಎನ್ನುತ್ತಿದ್ದ. ಎಕ್ಕಂಬಿಯಾಚೆಯ ಬಯಲುಸೀಮೆಯ ಮಾತು ಅವನದು. ನಾನು ಪೆನ್ಸಿಲ್ಲಿನಿಂದ ಗೀಟು ಹಾಕಿ ಕೊಡುತ್ತಿದ್ದೆ. ಉದ್ದ ವಾಕ್ಯ ಕಂಡರೆ ಅಪ್ಪಯ್ಯನ ಕಡೆ ನೋಡಿ ನಗುತ್ತಿದ್ದ. "ಹೆಗಡೇರ, ಕೇಳೋರು ಬಟ್ಟಿ ಒಗೀತಿರ್ತಾರ, ಹಾಲು ಕಾಸತಿರ್ತಾರ. ನಿಂತು ಕೇಳೂದಿಲ್ಲ. ಮೊದಲ ಹೆಸರು. ಆಮ್ಯಾಲ ಊರು. ಆಮ್ಯಾಲ ಕತಿ."

ಆಸ್ಪತ್ರೆ ಬಂದರೆ, ಹೆಣ ಹೊರಡುವ ಮನೆ ಬಂದರೆ ಅಂಗೈಯಿಂದ ಮೈಕ್ ಮುಚ್ಚಿಕೊಂಡು ದಾಟುತ್ತಿದ್ದ. ಸ್ವಿಚ್ ಇತ್ತು. ಆದರೂ ಅಂಗೈ.

ಆಟೋ ಗಫೂರ್ ಭಾಯಿಯದು. ತುತ್ತೂರಿ ದತ್ತಣ್ಣನದು, ಸಿದ್ದಾಪುರದಲ್ಲಿ ಯಾರೋ ಅಂಗಡಿ ಮುಚ್ಚುವಾಗ ಕೊಂಡದ್ದು. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ದತ್ತ ಸೌಂಡ್ಸ್' ಎಂದು ಬರೆದಿತ್ತು. ಅವನು ಅದನ್ನು ಅಳಿಸಲಿಲ್ಲ. ಊರು ಅವನನ್ನು ದತ್ತಣ್ಣ ಎಂದು ಕರೆಯಿತು. ಅವನು ಓಗೊಟ್ಟ. ನಿಜವಾದ ಹೆಸರು ಬೇರೆ ಇರಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಅದರಲ್ಲಿ ಒಂದು ಬುಧವಾರದ ಪುಟ ಉದ್ದವಾಗಿದೆ. ಮತ್ತಿಘಟ್ಟದ ಕಡೆಯವರೊಬ್ಬರು ಓಡುತ್ತ ಅಚ್ಚುಕೂಟಕ್ಕೆ ಬಂದಿದ್ದರು. ತಾಯಿಯನ್ನು ಆಸ್ಪತ್ರೆಗೆ ಕರೆತಂದಿದ್ದರಂತೆ. ಔಷಧಿ ಚೀಟಿ ಹಿಡಿದು ಒಳಗೆ ಹೋಗಿ ಬರುವಷ್ಟರಲ್ಲಿ ಮುದುಕಿ ಇಲ್ಲ. ಆಕೆಗೆ ಇತ್ತೀಚೆಗೆ ಮರೆವು. ಅಪ್ಪಯ್ಯ ಕಾಗದ ಎಳೆದುಕೊಂಡು ಬರೆಯತೊಡಗಿದ: ಸುಮಾರು ಎಪ್ಪತ್ತೈದು ವರ್ಷ ಪ್ರಾಯದ, ಗೋಧಿ ಮೈಬಣ್ಣದ, ಹಸಿರು ಸೀರೆಯುಟ್ಟ...

"ಇದು ಊರಿಗೆ ಹೇಳೂದಾತ್ರಿ ಹೆಗಡೇರ" ಎಂದ ಬಾಗಿಲಲ್ಲಿದ್ದ ದತ್ತಣ್ಣ. "ಆ ಅವ್ವಗ ಏನ್ ಹೇಳೂದು?"

ನಮಗೆ ಅರ್ಥವಾಗಲಿಲ್ಲ. ಅವನು ಮಗನ ಕಡೆ ತಿರುಗಿದ. "ನಿಮ್ಮ ತಾಯಾರು ಯಾವ ಹೆಸರಿಗೆ ಓ ಅಂತಾರ?"

"ಆಯಿ ಹೇಳಿ ಕರಿತ್ಯ."

"ಅದು ನೀವು ಕರಿಯೂದು. ಪ್ಯಾಟ್ಯಾಗ ನೂರು ಮಂದಿ ಆಯಿ ಅದಾರ. ತವರಮನ್ಯಾಗ ಏನಂತಿದ್ರು?"

ತಾಯಿಯ ಹೆಸರು ಹೇಳಲು ಆತ ನಾಚಿದ. "ಗೌರಿ ಹೇಳಿ... ಗೌರು ಹೇಳಿ."

ಗಫೂರ್ ಭಾಯಿಯ ಆಟೋ ಹೊರಟಿತು. ಗೋಧಿ ಬಣ್ಣವೂ ಇಲ್ಲ, ಹಸಿರು ಸೀರೆಯೂ ಇಲ್ಲ. "ಗೌರೂ... ಗೌರೂ... ಮಗ ದವಾಖಾನಿ ಬಾಗಲದಾಗ ನಿಂತಾನ. ಹಸ್ತಿದ್ದೀರಿ. ಬರ್ರಿ." ಅಷ್ಟೇ, ಮತ್ತೆ ಮತ್ತೆ. ಕೋಟೆಕೆರೆಯ ದಂಡೆಯ ಮೇಲೆ ಕೂತಿದ್ದ ಮುದುಕಿ ಎದ್ದು ರಸ್ತೆಗೆ ಬಂದು ಆಟೋಕ್ಕೆ ಕೈ ಮಾಡಿದಳು. "ತೌರುಮನೆ ಬದಿಂದ ಯಾರೋ ಬಂಜ ಹೇಳಿ ಮಾಡಿದಿ" ಎಂದಳಂತೆ. ತವರಿನವರೇ ಬಂದು ಕರೆದರೆಂದು ತಿಳಿದಿದ್ದಳು.

ಮಗ ಅತ್ತ. ದತ್ತಣ್ಣ ಬಾಯಲ್ಲಿದ್ದ ಮೆಣಸಿನ ಕಾಳನ್ನು ಉಗುಳಿ ನನಗೆ ಹೇಳಿದ: "ಕಳಕೊಂಡವರಿಗೆ ಹೇಳಿದ್ರ ಅಳ್ತಾರ ಅಷ್ಟ. ಕಳದವರಿಗೆ ಹೇಳಬೇಕು, ತಂಗಿ. ಅವರೇ ಬರಬೇಕಾದವರು."

ಅವನು ಕಾಣೆಯಾದದ್ದು ತೊಂಬತ್ತೆಂಟರ ಜುಲೈಯಲ್ಲಿ, ಒಂದು ಮಂಗಳವಾರ. ಯಲ್ಲಾಪುರದಲ್ಲಿ ಕಣ್ಣಿನ ತಪಾಸಣೆಯ ಶಿಬಿರ ಇತ್ತು. ಸೋಮವಾರ ಬಂದು ಪ್ರೂಫ್ ಒಯ್ದಿದ್ದ. "ಗೀಟು ಚಲೋ ಹಾಕೀದಿ" ಎಂದಿದ್ದ. ಮರುದಿನ ಮೈಕಿನ ಪೆಟ್ಟಿಗೆ, ತುತ್ತೂರಿ ಹೊತ್ತು ಬಸ್ಸಿನಲ್ಲಿ ಹೋದ. ಅಲ್ಲಿನದೇ ಆಟೋದಲ್ಲಿ ಮಧ್ಯಾಹ್ನದವರೆಗೆ ಹೇಳಿದ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿ, "ಸಾಮಾನು ಇಲ್ಲೇ ಇರ್ಲಿ, ಬಂದೆ" ಎಂದು ಹೊರಟ. ಮತ್ತೆ ಬರಲಿಲ್ಲ.

ಮೊದಲ ವಾರ ಯಾರೂ ಗಮನಿಸಲಿಲ್ಲ. ಎರಡನೇ ವಾರ ಪೇಟೆ ಮಾತಾಡಲು ಶುರುಮಾಡಿತು. ನಮ್ಮ ಅಚ್ಚುಕೂಟದ ಬೆಂಚಿನಲ್ಲಿ ಕೂತವರೆಲ್ಲ ಒಂದೊಂದು ಹೇಳಿದರು.

"ಹುಬ್ಬಳ್ಳಿಲಿ ಎರಡ್ನೇ ಸಂಸಾರ ಇದ್ದಡ."

"ಮೊದಲ್ನೇದೇ ಇಲ್ಲೆ, ಎರಡ್ನೇದು ಎಲ್ಲಿಂದ ಬಂತ?"

"ಗೋವಾಕ್ಕೆ ಹೋಜಡ. ಹಡಗಲ್ಲಿ ಕೆಲಸ ಅಡ."

"ಹಡಗಲ್ಲಿ ಮೈಕ್ ಎಂತಕ್ಕೆ? ಮೀನಿಗೆ ಹೇಳಲಾ?"

ಎಲ್ಲರೂ ನಕ್ಕರು. ಅಪ್ಪಯ್ಯ ನಗಲಿಲ್ಲ. ಅವನು ಕೆಲಸ ನಿಲ್ಲಿಸಲೂ ಇಲ್ಲ.

ಹೇರೂರಿನಿಂದ ಮದುವೆ ಕಾಗದಕ್ಕೆಂದು ಬಂದಿದ್ದವರು, ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹೆಸರು ಕೂಗುತ್ತಿದ್ದುದು ಅವನೇ ಎಂದರು. "ಆ ದನಿ ತಪ್ಪಲೆ ಸಾಧ್ಯನೇ ಇಲ್ಲೆ."

"ಮುಖ ನೋಡಿದ್ಯ?" ಎಂದು ಅಪ್ಪಯ್ಯ ಕೇಳಿದ.

"ಮುಖ ಎಂತಕ್ಕೆ ಮಾರಾಯಾ? ದನಿ ಕೇಳಿದ್ದಿ ಹೇಳಿ ಆತಲ."

ಹಾವೇರಿಯಲ್ಲಿ, ಅಂಕೋಲಾದಲ್ಲಿ, ಹುಬ್ಬಳ್ಳಿಯ ವಸ್ತುಪ್ರದರ್ಶನದಲ್ಲಿ, ಒಬ್ಬರಿಗೆ ರೇಡಿಯೋದಲ್ಲಿ. ಎಲ್ಲರೂ ಕೇಳಿದ್ದರು. ಯಾರೂ ನೋಡಿರಲಿಲ್ಲ.

ಅಪ್ಪಯ್ಯ ಮತ್ತು ಗಫೂರ್ ಭಾಯಿ ಠಾಣೆಗೆ ಹೋದರು. ಪೊಲೀಸರು ಗುರುತು ಕೇಳಿದರು. ಫೋಟೋ ಇರಲಿಲ್ಲ. ಮೀಸೆ ಇತ್ತು ಎಂದ ಅಪ್ಪಯ್ಯ. ಇರಲಿಲ್ಲ ಎಂದರು ಗಫೂರ್ ಭಾಯಿ.

"ಆರು ವರ್ಷ ನಿಮ್ಮ ಆಟೋದಲ್ಲಿ ಕೂತವ. ಮುಖ ಗೊತ್ತಿಲ್ವಾ?" ಎಂದರಂತೆ ಪೊಲೀಸರು.

"ಅವ ಹಿಂದೆ ಕೂತ್ಕೊಳ್ತಿದ್ದ ಸಾಹೇಬ್ರೆ. ಹಿಂದೆ ನೋಡ್ತಾ ಗಾಡಿ ಬಿಡ್ಲಿಕ್ಕಾಗ್ತದಾ?"

"ದನಿ ಕೇಳಿದ್ರೆ ಯಾರಿಗೂ ಗುರ್ತ ಸಿಗ್ತು" ಎಂದನಂತೆ ಅಪ್ಪಯ್ಯ.

"ದನೀನ ಅಚ್ಚು ಹಾಕ್ಲಿಕ್ಕೆ ಬರ್ತದಾ ಹೆಗಡೇರೆ?"

ಆ ಸಂಜೆ ಹ್ಯಾಂಡ್‌ಬಿಲ್ ಜೋಡಿಸಲು ಕೂತೆ. 'ಕಾಣೆಯಾಗಿದ್ದಾರೆ' ಎಂಬ ಸಾಲು ಬೇಗ ಆಯಿತು. 'ಗುರುತು' ಎಂಬಲ್ಲಿ ಕೈ ನಿಂತಿತು. ದಿನಚರಿ ತೆಗೆದು ನೋಡಿದೆ. ಅವನು ಬಂದ ದಿನಗಳಿದ್ದವು, ಆಡಿದ ಮಾತುಗಳಿದ್ದವು. ಮುಖ ಇರಲಿಲ್ಲ. ಕಣ್ಣು ಮುಚ್ಚಿದರೆ ಬಾಗಿಲ ಬೆಳಕಿನಲ್ಲಿ ಒಂದು ಕಪ್ಪು ಆಕಾರ, ಮಫ್ಲರು, ಪ್ರೂಫ್ ಹಿಡಿದ ಕೈ. ಮರುದಿನದಿಂದ ಬಂದವರನ್ನೆಲ್ಲ ಕೇಳಿ ಬರೆದುಕೊಂಡೆ. ಮೀಸೆ ಇತ್ತು ಎಂದವರು ಹನ್ನೊಂದು ಜನ. ಇರಲಿಲ್ಲ ಎಂದವರು ಎಂಟು. ಕನ್ನಡಕ ಇತ್ತು ಎಂದವರು ಮೂರು. ಪಕ್ಕದ ಕ್ಷೌರದಂಗಡಿಯವನು, "ನನ್ನ ಕುರ್ಚಿ ಮೇಲೆ ಅವ ಒಂದಿನಾನೂ ಕೂತಿಲ್ಲ, ಮನೆಲೇ ಮಾಡ್ಕೊಳ್ತಿದ್ದ" ಎಂದ. ಬಾಡಿಗೆ ಕೋಣೆಯ ಮನೆಯವಳಿಗೆ ಮಫ್ಲರಿನ ಬಣ್ಣ ಮಾತ್ರ ನೆನಪಿತ್ತು.

ಕೊನೆಗೆ ದತ್ತಣ್ಣ ಎಂಬ ಹೆಸರು, ಎತ್ತರ, ಅಂದಾಜು ವಯಸ್ಸು, ಬೂದು ಮಫ್ಲರ್ ಎಂದಷ್ಟೇ ಅಚ್ಚು ಹಾಕಿದೆವು. ಅಪ್ಪಯ್ಯ ಅದನ್ನು ಮೂರೂ ಊರಿನ ಬಸ್ ಸ್ಟ್ಯಾಂಡಿಗೆ ಹಚ್ಚಿಸಿದ. ಯಾರೂ ಬರಲಿಲ್ಲ.

ನಾಗಪಂಚಮಿ ಕಳೆದ ಎರಡನೇ ದಿನ ಒಬ್ಬಳು ಹೆಂಗಸು ಅಚ್ಚುಕೂಟದ ಮೆಟ್ಟಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು.

"ಮೈಕಿನಾಂವ ಇಲ್ಲಿ ಬರ್ತಾನಂತಲ್ರಿ. ನಾ ಅವನ ಅಕ್ಕ, ನೀಲವ್ವ."

ಎಕ್ಕಂಬಿಯಿಂದಾಚೆ ಅವಳ ಊರು. ತಾಯಿ ತಂದೆ ಇಲ್ಲದ ಮನೆ. ಪಂಚಮಿಗೆ ಅವಳನ್ನು ತವರಿಗೆ ಕರೆಯುವವರಿಲ್ಲವಾದ್ದರಿಂದ ತಮ್ಮನೇ ಪ್ರತಿ ವರ್ಷ ಅವಳಲ್ಲಿಗೆ ಹೋಗಿ ಉಂಡೆ ತಿಂದು ಬರುತ್ತಿದ್ದ. ಈ ವರ್ಷ ಬರಲಿಲ್ಲ. ಅವಳು ಉಂಡೆ ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ಅಪ್ಪಯ್ಯ ಹ್ಯಾಂಡ್‌ಬಿಲ್ ಓದಿ ಹೇಳಿದ. ಅವಳು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಇದು ಯಾರ ಹೆಸರ್ರೀ? ಅಂವ ದತ್ತ ಅಲ್ಲ. ಬಸವಣ್ಣೆಪ್ಪ. ನಾ ಬಸ್ಯಾ ಅಂತೀನಿ."

"ಮೀಸೆ ಇತ್ತಾ?" ಎಂದು ನಾನು ಕೇಳಿದೆ. ಯಾಕೆ ಅದನ್ನೇ ಕೇಳಿದೆನೋ.

"ಇಲ್ಲವಾ. ಮ್ಯಾಲಿನ ತುಟಿ ಮ್ಯಾಲ ಸುಟ್ಟ ಕಲಿ ಐತಿ. ಅದಕ್ಕ ಮುಚ್ಕೊಂಡ ಅಡ್ಡಾಡ್ತಿದ್ದ."

ಆ ವಾರವೇ ಯಲ್ಲಾಪುರದಿಂದ ಪೊಲೀಸರು ಹೇಳಿ ಕಳಿಸಿದರು. ಹಳ್ಳದಲ್ಲಿ ಒಂದು ಹೆಣ ಸಿಕ್ಕಿತ್ತು. ನೀಲವ್ವ, ಅಪ್ಪಯ್ಯ, ಗಫೂರ್ ಭಾಯಿ ಹೋದರು. ಅವರು ತಿರುಗಿ ನಮ್ಮ ಮನೆಗೆ ಬಂದಾಗ ನನ್ನ ಆಯಿ ಬಿಸಿನೀರು ತುಂಬಿಸಿಟ್ಟಿದ್ದಳು. ನೀಲವ್ವ ಮೊದಲು ಸ್ನಾನಕ್ಕೆ ಹೋದಳು. ಅಪ್ಪಯ್ಯ ಹಿತ್ತಿಲ ಕಟ್ಟೆಯ ಮೇಲೆ ಕೂತ.

"ಅವನನ?" ಎಂದು ಆಯಿ ಕೇಳಿದಳು.

"ಅಲ್ಲ ಹೇಳಿ ಹೇಳಿದ್ದು ಅವಳು."

"ನಿಮಗೆ ಎಂತ ಕಂಡ್ತು?"

ಅಪ್ಪಯ್ಯ ಕಾಲುಗಳನ್ನು ನೋಡಿಕೊಂಡ. "ನಂಗೆ ಗೊತ್ತಾಜಿಲ್ಲೆ. ನೀರಲ್ಲಿ ಇದ್ದ ಹೆಣ. ಆದ್ರೆ ಮುಖದ ಬಟ್ಟೆ ಪೂರ್ತಿ ಸರಿಸಕ್ಕಿಂತ ಮೊದ್ಲೇ ಅಲ್ಲ ಹೇಳಿಬುಟ್ತು. ಪೊಲೀಸ್ರು ಅದನ್ನೇ ಬರ್ಕಂಡ."

ಬಚ್ಚಲಲ್ಲಿ ನೀರಿನ ಸದ್ದು ಬಹಳ ಹೊತ್ತು ಇತ್ತು. ಆ ದಿನದ ಪುಟದಲ್ಲಿ ನಾನು ಬರೆದಿರುವುದು ಎರಡೇ ಸಾಲು. ಊಟಕ್ಕೆ ನೀಲವ್ವನಿಗೆ ಮಜ್ಜಿಗೆ ಬೇಡವಾಯಿತು ಎಂಬುದು ಅದರಲ್ಲಿ ಒಂದು.

ಮರುದಿನ ಬೆಳಿಗ್ಗೆ ಅವಳು, "ಮೈಕ್ ಎಲ್ಲೈತ್ರಿ?" ಎಂದಳು. ಯಲ್ಲಾಪುರದ ಹೋಟೆಲಿನಿಂದ ಪೆಟ್ಟಿಗೆ, ತುತ್ತೂರಿ ತಂದಿದ್ದರು. ಗಫೂರ್ ಭಾಯಿ ಆಟೋದ ಮೇಲೆ ಕಟ್ಟಿದರು. ನಾನು ಒಂದು ಹಾಳೆಯಲ್ಲಿ ಬರೆದೆ: ಮೊದಲು ಹೆಸರು, ಆಮೇಲೆ ಊರು, ಆಮೇಲೆ ಕತೆ. ಗೀಟೂ ಹಾಕಿದೆ. ನೀಲವ್ವ ಹಾಳೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಓದಲಿಲ್ಲ. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ನಾನು ಕೂತೆ.

"ಬಸ್ಯಾ. ನಾನೋ, ನೀಲವ್ವ. ಪಂಚಮಿ ಉಂಡಿ ತಂದೀನಿ. ಬಾರೋ. ಎಲ್ಲಿದ್ದರೂ ಬಾರೋ."

ತುತ್ತೂರಿ ಕುಂಯ್ ಎಂದಿತು. ಅವಳು ಹೆದರಿ ಮೈಕ್ ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಅದನ್ನೇ ಹೇಳಿದಳು. ಪೇಟೆಯ ಬೀದಿಗಳು ಮುಗಿದವು. ಒಂದು ಮನೆಯ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ಪಕ್ಕದವಳನ್ನು ಕೇಳಿದ್ದು ನನಗೆ ಕೇಳಿಸಿತು.

"ಯಾರನ್ನ ಕರೀತಾ ಇದ್ದೇ ಅದು?"

"ಯಾರೋ ಬಸ್ಯಾ ಅಡ. ನಮ್ಮೂರವ ಅಲ್ಲ."

ಅಲ್ಲಿಂದ ಸಿದ್ದಾಪುರ. ಅದರ ಮರುದಿನ ಯಲ್ಲಾಪುರ. ಆಸ್ಪತ್ರೆ ಬಂದಾಗಲೆಲ್ಲ ನಾನು ಅವಳ ಕೈಯ ಮೈಕಿನ ಮೇಲೆ ಅಂಗೈ ಇಟ್ಟೆ. ಯಲ್ಲಾಪುರದಲ್ಲಿ ಅವಳ ದನಿ ಕಟ್ಟಿತು. ಗಫೂರ್ ಭಾಯಿ ಪೆಟ್ಟಿಗೆ ತಡಕಿ ಮೆಣಸಿನ ಡಬ್ಬಿ ತೆಗೆದು ಕೊಟ್ಟರು. ಅವಳು ಒಂದು ಕಾಳು ಬಾಯಿಗೆ ಹಾಕಿಕೊಂಡು, ಗೊತ್ತಿಲ್ಲದೆ ಅಗಿದಳು. ಕಣ್ಣಲ್ಲಿ ನೀರು ಬಂತು. ಮತ್ತೆ ಕರೆದಳು. ಬೀದಿಯ ಎರಡೂ ಕಡೆ ಜನ ತಿರುಗಿ ನೋಡಿದರು. ಯಾರೂ ರಸ್ತೆಗೆ ಬಂದು ಕೈ ಮಾಡಲಿಲ್ಲ.

ಉಂಡೆಯ ಗಂಟನ್ನು ನಮ್ಮ ಮನೆಯಲ್ಲೇ ಬಿಟ್ಟು ಅವಳು ಊರಿಗೆ ಹೋದಳು. "ಬಂದ್ರ ಕೊಡ್ರಿ" ಎಂದಳು. ಆಯಿ ಅದನ್ನು ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟಳು. ಎಷ್ಟೋ ದಿನಗಳ ನಂತರ ಆ ಡಬ್ಬಿ ಖಾಲಿಯಾಗಿ ಕೆಳಗೆ ಬಂತು. ಬೆಂಚಿನ ಮೇಲಿನ ಮಾತೂ ಬೇರೆ ಕಡೆ ಹೋಯಿತು.

ಈಗ ನಮ್ಮಲ್ಲಿ ಮೊಳೆ ಇಲ್ಲ, ಕಂಪ್ಯೂಟರ್ ಬಂದಿದೆ. ಬೀದಿಯಲ್ಲಿ ಮೈಕಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ಹೇಳುತ್ತಿರುವವರ ಮುಖ ನೋಡಿಟ್ಟುಕೊಳ್ಳಬೇಕು ಎಂದು. ಆಟೋ ಹತ್ತಿರ ಬರುತ್ತದೆ. ಹಿಂದಿನ ಸೀಟಿನಲ್ಲಿ ಯಾರೂ ಇರುವುದಿಲ್ಲ. ಒಂದು ಟೇಪ್ ರೆಕಾರ್ಡರ್ ಇರುತ್ತದೆ, ಬೀಳದ ಹಾಗೆ ಹಗ್ಗದಿಂದ ಕಟ್ಟಿರುತ್ತಾರೆ.