ಡ್ರಿಲ್ ಮಿಸ್ಸಿನ ಗುರುವಾರ

ಡ್ರಿಲ್ ಮಿಸ್ಸಿನ ಬೆರಳುಗಳು ನೆಟ್ಟಗಿದ್ದವು. ಗೆಣ್ಣುಗಳೇನೋ ಶುಂಠಿಯ ಕೊಂಬಿನ ಹಾಗೆ ಊದಿಕೊಂಡಿದ್ದವು, ಎಂದೋ ತೊಟ್ಟ ಉಂಗುರವೊಂದು ಹೊರಬರಲಾರದೆ ಅಲ್ಲೇ ಉಳಿದುಬಿಟ್ಟಿತ್ತು. ಆದರೂ ಲಗಾಮು ಹಿಡಿದರೆಂದರೆ ಕಿರುಬೆರಳು ಕೆಳಗೆ, ಹೆಬ್ಬೆರಳು ಮೇಲೆ, ಉಳಿದ ಮೂರು ಸಾಲಾಗಿ ಕೂತುಬಿಡುತ್ತಿದ್ದವು. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಮುಖವಲ್ಲ, ಆ ಬೆರಳುಗಳು. ನನ್ನ ಕೈ ನೋಡಿಕೊಂಡಾಗಲೂ ಅವೇ ನೆನಪಾಗುತ್ತವೆ. ನನ್ನವು ಕಿರುಬೆರಳಿನ ಕಡೆಗೆ ವಾಲಿಕೊಂಡಿವೆ.

ಶಿವಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವರು ನಮಗೆ ಡ್ರಿಲ್ ಹೇಳಿಕೊಡುತ್ತಿದ್ದರು. ಕಂಟೋನ್ಮೆಂಟಿನ ಶಾಲೆಗಳಲ್ಲಿ ಟೀಚರ್ ಅಂದರೆ ಮಿಸ್, ಮೊಮ್ಮಕ್ಕಳಿದ್ದರೂ ಮಿಸ್ಸೇ. ಇವರಂತೂ ಮದುವೆಯನ್ನೇ ಮಾಡಿಕೊಂಡವರಲ್ಲ. ಬಿಳಿ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸರದ ಬದಲು ಸೀಟಿ. ಸಾಲು ಸೊಟ್ಟಗಾದರೆ ಬಯ್ಯುತ್ತಿರಲಿಲ್ಲ, ಹಿಂದಿನಿಂದ ಬಂದು ಬೆನ್ನ ನಡುವೆ ಒಂದು ಬೆರಳಿಡುತ್ತಿದ್ದರು, ನಾವು ತಂತಾನೇ ನೆಟ್ಟಗಾಗುತ್ತಿದ್ದೆವು. ಗುರುವಾರ ಮಾತ್ರ ಅವರು ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಅಲ್ಲಿಂದಲೇ ಸೀಟಿ ಊದುತ್ತಿದ್ದರು. ಮಿಸ್ಸಿಗೆ ಇವತ್ತು ಒಪ್ಪತ್ತು, ಅವರಿಗೆ ಸುಸ್ತು ಮಾಡಬೇಡಿ ಎಂದು ಹೆಡ್‌ಮಿಸ್ಸೇ ನಮಗೆ ಹೇಳುತ್ತಿದ್ದರು. ಗುರುವಾರ ಒಂದೇ ಹೊತ್ತು ಉಣ್ಣುವವರು ನಮ್ಮೆಲ್ಲರ ಮನೆಗಳಲ್ಲೂ ಒಬ್ಬರಾದರೂ ಇದ್ದರು. ಹಾಗಾಗಿ ಅದು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಸಂಧಿವಾತ ಶುರುವಾಯಿತು. ಅದು ಮುದುಕರ ಕಾಯಿಲೆ ಅಂದುಕೊಂಡಿದ್ದೆ, ನನಗಿನ್ನೂ ಮೂವತ್ತಾಗಿರಲಿಲ್ಲ. ಬೆಳಗ್ಗೆ ಎದ್ದರೆ ಕೈ ಮರಗಟ್ಟಿರುತ್ತಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾಗದೆ ಅಳು ಬರುತ್ತಿತ್ತು. ನನಗೆ ಜಡೆ ಹೆಣೆದು, ಸೀರೆಗೆ ಪಿನ್ನು ಚುಚ್ಚಿ ಆಫೀಸಿಗೆ ಕಳಿಸುತ್ತಿದ್ದವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಜೀವನ್ ಬಿಮಾ ನಗರದ ಮನೆಯಲ್ಲಿ ನಾವಿಬ್ಬರೇ. ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟಿದ್ದರು. ನುಂಗಿದ ಮಾರನೇ ದಿನವೆಲ್ಲ ವಾಕರಿಕೆ. ಬಾಚಣಿಗೆ ತುಂಬ ಕೂದಲು. ಕಾಯಿಲೆ ಹೆಚ್ಚೋ ಮದ್ದು ಹೆಚ್ಚೋ ಅನ್ನುವ ಸ್ಥಿತಿ.

ಮಿಸ್ ಆ ಹೊತ್ತಿಗೆ ನಿವೃತ್ತರಾಗಿ ನಮ್ಮ ಹಿಂದಿನ ರಸ್ತೆಯಲ್ಲೇ ಬಾಡಿಗೆಗಿದ್ದರು. ಒಂದು ಬೆಳಗ್ಗೆ ಹಾಲಿನ ಬೂತಿನ ಹತ್ತಿರ, ನಾನು ಹಾಲಿನ ಪ್ಯಾಕೆಟ್ಟನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿಕೊಂಡು ಬರುತ್ತಿದ್ದುದನ್ನು ನೋಡಿ ನಿಂತರು.

"ನಿಂಗೂ ಬಂತೇನೇ ಇದು?" ಅಂದರು.

"ಏನು ಮಿಸ್?"

ಅವರು ತಮ್ಮ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. "ನಂದು ನೀನು ಸ್ಕೂಲಿಗೆ ಬರೋಕ್ ಮುಂಚಿನದ್ದು. ನೋಡ್ಕೋ. ಇನ್ನೂ ಹೇಗಿದೆ."

ಆ ಒಂದು ಮಾತಿನಿಂದ ನನಗಾದ ಸಮಾಧಾನವನ್ನು ಯಾವ ಡಾಕ್ಟರೂ ಕೊಟ್ಟಿರಲಿಲ್ಲ. ಇದೇ ಕಾಯಿಲೆ, ಅರವತ್ತು ದಾಟಿದ ಹೆಂಗಸು, ಬೆರಳು ನೆಟ್ಟಗೆ. ಮುಂದಿನ ಭಾನುವಾರ ಅವರು ತಮ್ಮ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ದೊಡ್ಡನೆಕ್ಕುಂದಿಗೆ ಹೋದರು. ಅಲ್ಲಿ ಕಾರ್ಖಾನೆಗಳ ಹಿಂದಿನ ಖಾಲಿ ಜಾಗದಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ರೇಸಿನಿಂದ ಬಿಡಿಸಿದ ಕುದುರೆಗಳನ್ನು ಸಾಕಿಕೊಂಡು ಸವಾರಿ ಕಲಿಸುತ್ತಿದ್ದರು. ಮಿಸ್ಸಿನ ಅಪ್ಪ ಶಿವಾಜಿನಗರದಲ್ಲಿ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರಂತೆ. ಲಾಳ ಹೊಡೆದ ಕುದುರೆ ಕುಂಟುತ್ತದೋ ಇಲ್ಲವೋ ನೋಡಲು ಮಗಳನ್ನು ಬರಿಬೆನ್ನಿನ ಮೇಲೆ ಕೂರಿಸಿ ಒಂದು ಸುತ್ತು ಓಡಿಸುತ್ತಿದ್ದರಂತೆ. ಸುಬೇದಾರರು ಅವರನ್ನು ಟೀಚರಮ್ಮ ಅನ್ನುತ್ತಿದ್ದರು, ಅವರು ಬಂದರೆ ಬೀಡಿ ಆರಿಸುತ್ತಿದ್ದರು.

ನನಗೆ ಸಿಕ್ಕಿದ್ದು ಚಾಂದನಿ ಎಂಬ ಬಿಳಿ ಹೆಣ್ಣು ಕುದುರೆ. ಹತ್ತುವ ಮೊದಲು ಮಿಸ್ ನನ್ನ ಎರಡೂ ಕೈಗಳನ್ನು ಹಿಡಿದು ಅದರ ಕತ್ತಿನ ಕೇಸರದ ಕೆಳಗೆ ತೂರಿಸಿದರು. ಅಲ್ಲಿ ಒಲೆಯ ಪಕ್ಕದ ಗೋಡೆಯಷ್ಟು ಬಿಸಿ. ಹಾಗೇ ಸ್ವಲ್ಪ ಹೊತ್ತು ನಿಂತರೆ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತಿದ್ದವು. ಆಮೇಲೆ ಕಲ್ಲಿನ ಜಗುಲಿ ಹತ್ತಿ ಅಲ್ಲಿಂದ ಜೀನಿನ ಮೇಲೆ ಕೂರುವುದು. ಮೊದಲ ದಿನ ನೋವಿಗೆ ನಾನು ಲಗಾಮು ಜಗ್ಗಿಬಿಟ್ಟೆ, ಚಾಂದನಿ ತಲೆ ಕೊಡವಿತು.

"ನೋವು ನಿಂದು," ಅಂದರು ಮಿಸ್. "ಕುದುರೆಗ್ಯಾಕೆ ಹೇಳ್ತೀಯ?"

ಇದು ಅವರ ಮುಖ್ಯವಾದ ಮಾತು. ಸವಾರಿಯ ಪಾಠವೆಂದು ನಾನು ಕಲಿತೆ. ಅವರ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ಆಗ ಗೊತ್ತಾಗಲಿಲ್ಲ.

ನೆಲದ ಮೇಲೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ ನಾನು ಕುದುರೆಯ ಮೇಲೆ ಯಾರಿಗೂ ಕಡಿಮೆಯಿರಲಿಲ್ಲ. ಅದರ ಕಾಲುಗಳು ನನ್ನವಾಗುತ್ತಿದ್ದವು. ಬೇಲಿಯಾಚೆಗೆ ಕಾರ್ಖಾನೆಯ ಬಸ್ಸುಗಳಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡುತ್ತಿದ್ದರು. ಕಾಯಿಲೆಯವಳೆಂದು ಯಾರಿಗೂ ಕಾಣದ ಒಂದು ಜಾಗ ನನಗೆ ಸಿಕ್ಕಿತ್ತು. ಅದನ್ನು ಕೊಟ್ಟವರು ಮಿಸ್. ಇದನ್ನು ನಾನು ಯಾವತ್ತೂ ಇಲ್ಲ ಅನ್ನುವುದಿಲ್ಲ.

ಒಂದು ದಿನ ಲಾಯದ ಮುಂದೆ ಕೂತು ಚಹಾ ಕುಡಿಯುವಾಗ ಕೇಳಿದೆ. "ಮಿಸ್, ನೀವು ಯಾವ ಮಾತ್ರೆ ತಗೋತೀರ?"

ಅವರು ಲೋಟ ಕೆಳಗಿಟ್ಟರು. "ಮಾತ್ರೆಗೀತ್ರೆ ಎಲ್ಲಾ ಯಾವ್ದೋ ಕಾಲಕ್ಕೆ ಬಿಟ್ಬಿಟ್ಟೆ. ಕುದುರೆ, ಗುರುವಾರದ ಒಪ್ಪತ್ತು. ಅಷ್ಟೇ."

ನಾನು ಆ ವಾರವೇ ಮಾತ್ರೆ ನಿಲ್ಲಿಸಿದೆ. ಗುರುವಾರದ ಒಪ್ಪತ್ತು ಹಿಡಿದೆ. ಮಾತ್ರೆ ಬಿಟ್ಟೆ ಎಂದು ಹೇಳಿದಾಗ ಮಿಸ್ ಬೆನ್ನು ತಟ್ಟಿದರು. ಶಾಲೆಯಲ್ಲಿ ಸಾಲು ಸರಿಮಾಡುತ್ತಿದ್ದ ಅದೇ ಕೈ. ಅಮ್ಮ ಮಾತ್ರ ಬೇಡ ಬೇಡ ಅಂದಳು, ನಾನು ಅವಳ ಮೇಲೇ ರೇಗಿದೆ. ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ವಾಕರಿಕೆ ಹೋಯಿತು, ಕೂದಲು ಉದುರುವುದು ನಿಂತಿತು. ಹಳೆಯ ಮಾತ್ರೆಯ ಗುಣವೇ ಇನ್ನೂ ಮೈಯಲ್ಲಿ ಉಳಿದಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ವ್ರತದ ಫಲ ಅಂದುಕೊಂಡೆ. ಗುರುವಾರ ಮಿಸ್ ಕುದುರೆಯ ಕಡೆ ಬರುತ್ತಿರಲಿಲ್ಲ, ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ನಾನು ಸಂಜೆ ಮೊಸರವಲಕ್ಕಿ ಕಲಸಿ ಅವರ ಹೊಸ್ತಿಲ ಮೇಲಿಟ್ಟು, ಎಂಥ ನಿಷ್ಠೆ ಎಂದು ಮನಸ್ಸಿನಲ್ಲೇ ಕೈಮುಗಿದು ಬರುತ್ತಿದ್ದೆ.

ಮಳೆಗಾಲ ಬಂದ ಹಾಗೆ ನೋವು ತಿರುಗಿ ಬಂತು. ಮಣಿಕಟ್ಟು ಊದಿತು. ಒಂದು ಬೆಳಗ್ಗೆ ಕುದುರೆಯ ಮೇಲಿಂದ ನೋಡಿಕೊಂಡರೆ ಬಲಗೈಯ ಬೆರಳುಗಳು ಒಂದೇ ಕಡೆಗೆ ವಾಲಿದ್ದವು. ಲಗಾಮಿನ ಪಟ್ಟಿ ನಡುವಿನಿಂದ ಜಾರಿತು. ನಾನು ಇಳಿದು ಹೋಗಿ ಮಿಸ್ಸಿಗೆ ಕೈ ತೋರಿಸಿದೆ.

"ಮಿಸ್, ಬೆರಳು ವಾಲ್ತಾ ಇದೆ. ಭಯ ಆಗ್ತಿದೆ."

ಅವರು ನನ್ನ ಕೈ ಹಿಡಿದುಕೊಂಡರು. ಬೆರಳೊಂದೊಂದನ್ನೂ ಮೆಲ್ಲಗೆ ನೆಟ್ಟಗೆ ಮಾಡಿ ಬಿಟ್ಟರು, ಅವು ಮತ್ತೆ ವಾಲಿದವು. ಬಹಳ ಹೊತ್ತು ನೋಡಿದರು. ಆ ಕೈಗೆ ಏನಾಗುತ್ತಿದೆ ಎಂದು ಆ ಮೈದಾನದಲ್ಲಿ ಗೊತ್ತಿದ್ದವರು ಅವರೊಬ್ಬರೇ. ಆಮೇಲೆ ಕೇಳಿದರು, "ಒಪ್ಪತ್ತು ಸರಿಯಾಗಿ ಮಾಡ್ತಿದೀಯ?"

ನಾನು ಮುಂದಿನ ವಾರದಿಂದ ಒಂದು ಹೊತ್ತನ್ನೂ ಬಿಟ್ಟು ನಿಟ್ಟುಪವಾಸ ಮಾಡಿದೆ.

ಕೊನೆಗೆ ಅಮ್ಮ ಅತ್ತು ಕರೆದು ನನ್ನನ್ನು ಹಲಸೂರಿನ ಒಂದು ಸಣ್ಣ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಕೀಲುನೋವಿಗೆ ಒಳ್ಳೆಯ ಡಾಕ್ಟರೆಂದು ಯಾರೋ ಹೇಳಿದ್ದರಂತೆ. ಒಳಗೆ ರೋಗಿಯಿದ್ದರು. ಡಾಕ್ಟರ ಕೋಣೆಗೂ ನಮಗೂ ನಡುವೆ ಒಂದು ಹಸಿರು ಬಟ್ಟೆಯ ಪರದೆ ಮಾತ್ರ, ಮಾತೆಲ್ಲ ಕೇಳುತ್ತಿತ್ತು.

"ಈಗ್ಲೂ ಬುಧವಾರ ರಾತ್ರೀನೇ ತಗೋತೀರಾ ಮಾತ್ರೆ?" ಡಾಕ್ಟರು ಕೇಳುತ್ತಿದ್ದರು.

"ಹೂಂ ಡಾಕ್ಟ್ರೇ. ಒಂದು ವಾರಾನೂ ತಪ್ಸಿಲ್ಲ. ಗುರುವಾರ ಪೂರ್ತಿ ಹೊಟ್ಟೆ ತೊಳಸತ್ತೆ, ಒಂದು ಹೊತ್ತು ಬಿಟ್ರೆ ಏನೂ ಸೇರಲ್ಲ. ಸ್ಕೂಲಲ್ಲಿದ್ದಾಗ ವಾರಕ್ಕೊಂದು ಸೂಜಿ ಚುಚ್ಚಿಸ್ಕೋತಿದ್ದಾಗ್ಲೂ ಹೀಗೇ ಇತ್ತಲ್ಲ. ಅಭ್ಯಾಸ ಆಗ್ಬಿಟ್ಟಿದೆ."

ಆ ದನಿಗೆ ನಾನು ವರ್ಷಗಟ್ಟಲೆ ಸಾವಧಾನ, ವಿಶ್ರಾಮ ಮಾಡಿದ್ದೆ. ಗುರುತಿಸಲು ಮುಖ ನೋಡಬೇಕಾಗಿರಲಿಲ್ಲ.

ಪರದೆ ಸರಿಸಿ ಹೊರಗೆ ಬಂದವರು ನನ್ನನ್ನು ನೋಡಿ ನಿಂತರು. ನನ್ನ ಕೈ ಮಡಿಲಲ್ಲಿತ್ತು.

"ಇದೇನಾ ಮಿಸ್ ನಿಮ್ಮ ಒಪ್ಪತ್ತು?" ಅಂದೆ.

ಅವರ ಬೆನ್ನು ಆಗಲೂ ಬಾಗಲಿಲ್ಲ. "ನಾನು ನಿನಗೆ ಮಾತ್ರೆ ಬಿಡು ಅಂದಿದ್ನಾ?" ಅಂದರು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು.

ಅಂದಿರಲಿಲ್ಲ. ನಿಜ. ಅಡ್ಡಗೋಡೆಯ ಮೇಲೆ ದೀಪ ಇಟ್ಟವರಿಗೆ ಇದೊಂದು ಅನುಕೂಲ ಯಾವಾಗಲೂ ಇರುತ್ತದೆ. ಆದರೆ ಬಿಟ್ಟೆ ಅಂದಾಗ ಬೆನ್ನು ತಟ್ಟಿದವರು ಯಾರು? ವಾಲಿದ ಬೆರಳನ್ನು ಕೈಯಲ್ಲಿ ಹಿಡಿದುಕೊಂಡು, ಇಲ್ಲದ ವ್ರತದ ಲೆಕ್ಕ ಕೇಳಿದವರು ಯಾರು? ಮಾತ್ರೆ ಬಿಟ್ಬಿಟ್ಟೆ ಎಂಬ ಮೊದಲ ಸುಳ್ಳನ್ನು ನಾನು ಎಂದೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆ ಎರಡನೆಯದನ್ನು ಇವತ್ತಿಗೂ ಹಾಕಿಕೊಳ್ಳಲಾಗಿಲ್ಲ. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ನನ್ನದು ಕತ್ತಲ್ಲ, ಕೈ. ಅಮ್ಮ ಆಟೋದಲ್ಲಿ ಬರುವಾಗ, "ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ" ಎಂದು ಒಂದೇ ಸಲ ಅಂದಳು. ನಾನು ಮತ್ತೆ ಮಾತ್ರೆ ಶುರುಮಾಡಿದೆ. ನೋವು ಹಿಡಿತಕ್ಕೆ ಬಂತು. ವಾಲಿದ ಬೆರಳು ವಾಲಿದ ಹಾಗೇ ಉಳಿಯಿತು. ಅಷ್ಟಾದ ಮೇಲೆ ಅದು ಹಿಂದಕ್ಕೆ ಬರುವುದಿಲ್ಲ ಎಂದರು ಡಾಕ್ಟರು.

ನಾಲ್ಕೈದು ವರ್ಷ ನಾನು ಕುದುರೆಯ ಕಡೆಗೂ ಹೋಗಲಿಲ್ಲ, ಹಿಂದಿನ ರಸ್ತೆಗೂ ಕಾಲಿಡಲಿಲ್ಲ. ಹಾಲಿನ ಬೂತಿನಲ್ಲಿ ಅವರು ಕಂಡರೆ ಇನ್ನೊಂದು ಬದಿಗೆ ದಾಟುತ್ತಿದ್ದೆ. ಅವರು ಕರೆಯಲೂ ಇಲ್ಲ. ದೊಡ್ಡನೆಕ್ಕುಂದಿಯ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಾಗ ಸುಬೇದಾರರು ಕುದುರೆಗಳನ್ನು ಕೆ.ಆರ್. ಪುರದ ಆಚೆಗೆ ಸಾಗಿಸಿದರು. ಒಂದು ದಿನ ಅವರೇ ನಮ್ಮ ಮನೆಗೆ ಬಂದು, ಚಾಂದನಿಗೆ ವಯಸ್ಸಾಗಿದೆ, ಮೆತ್ತಗಿನ ಸವಾರರು ಬೇಕು, ಬರಬೇಕಮ್ಮ ಎಂದು ಕೇಳಿಕೊಂಡರು. ಕೈ ತೋರಿಸಿದೆ. ಅವರು ಚೀಲದಿಂದ ಒಂದು ಲಗಾಮು ತೆಗೆದರು. ಪಟ್ಟಿಯ ಉದ್ದಕ್ಕೂ ಮೆತ್ತನೆಯ ತೊಗಲಿನ ಕುಣಿಕೆಗಳನ್ನು ಹೊಲಿದಿತ್ತು. ಬೆರಳು ಮಡಿಸಬೇಕಾಗಿರಲಿಲ್ಲ, ಕೈಯನ್ನು ತೂರಿಸಿದರೆ ಸಾಕು.

"ಟೀಚರಮ್ಮ ಶಿವಾಜಿನಗರದಲ್ಲಿ ಹೊಲಿಸಿದ್ದು," ಅಂದರು. "ನನ್ನ ಹೆಸ್ರು ಹೇಳ್ಬೇಡ ಅಂದಿದ್ರು. ನಾನ್ ಹೇಳ್ಬಿಟ್ಟೆ."

"ಒಂದು ಮಾತು ಹೇಳೋಕೆ ಏನಾಗಿತ್ತು ಅವ್ರಿಗೆ?"

"ಅವ್ರಿಗೆ ಆ ಮಾತೇ ಬರಲ್ಲಮ್ಮ. ಕಾಯಿಲೆ ಅಂತ ಸ್ಕೂಲಲ್ಲಿ ಗೊತ್ತಾದ್ರೆ ಡ್ರಿಲ್ ಟೀಚರ್ ಕೆಲ್ಸ ಯಾರು ಕೊಡ್ತಾರೆ? ಉಪವಾಸ ಅಂದ್ರೆ ಕುರ್ಚಿ ಹಾಕ್ಕೊಡ್ತಾರೆ. ಅವತ್ತು ಹೇಳಿದ್ದು, ಆಮೇಲೆ ಅದೇ ನಿಜ ಆಗೋಯ್ತು."

ಹೊಂಗೆ ಮರದ ಕೆಳಗಿನ ಆ ಕುರ್ಚಿ ನನಗೆ ಆಗ ಕಂಡಿತು. ಅವರ ಭಯ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ. ಶಾಲೆಗೆ ಸುಳ್ಳು ಹೇಳಿದ್ದು ಹೊಟ್ಟೆಪಾಡು. ನಾನು ಶಾಲೆಯಾಗಿರಲಿಲ್ಲ, ಅವರದೇ ಕಾಯಿಲೆ ಹೊತ್ತು ಅವರ ಹತ್ತಿರ ಬಂದವಳು. ನನ್ನ ಹತ್ತಿರವಾದರೂ ಹೇಳಬಹುದಿತ್ತು.

ಲಗಾಮನ್ನು ಬಿಸಾಡಬೇಕೆಂದುಕೊಂಡೆ. ಬಿಸಾಡಲಿಲ್ಲ. ಕುದುರೆ ಬೇಕಾಗಿತ್ತು.

ಎಪ್ಪತ್ತು ದಾಟಿದ ಮೇಲೆ ಮಿಸ್ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕುದುರೆಯಿಂದ ಒಮ್ಮೆಯೂ ಬೀಳದವರು. ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದರು, ಕತ್ತು ಸಣ್ಣಗಾಗಿತ್ತು, ಬೆನ್ನು ಮಾತ್ರ ಹಾಗೇ ನೆಟ್ಟಗೆ. ಮಂಚದ ಪಕ್ಕ ಮಾತ್ರೆಯ ಸ್ಟ್ರಿಪ್ಪು ಬಹಿರಂಗವಾಗಿಯೇ ಬಿದ್ದಿತ್ತು. ಬಚ್ಚಿಡಲು ಏಳುವ ಶಕ್ತಿಯಿರಲಿಲ್ಲ ಅಷ್ಟೇ.

"ಬುಧವಾರ ಅಲ್ವಾ ಇವತ್ತು? ಒಂದು ಬಿಡಿಸ್ಕೊಡೇ," ಅಂದರು. "ನನ್ನ ಕೈಲಿ ಬಲ ಇಲ್ಲ."

ನನ್ನ ವಾಲಿದ ಬೆರಳುಗಳಿಂದ ಆ ಸ್ಟ್ರಿಪ್ಪನ್ನು ಒತ್ತಿದೆ. ಹೆಬ್ಬೆರಳು ಜಾರಿತು, ಮತ್ತೆ ಒತ್ತಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ತಪ್ಪಾಯಿತು ಅನ್ನಬೇಕಾಗಿರಲಿಲ್ಲ, ಬರೀ ನನ್ನ ಹೆಸರು ಹಿಡಿದು ಕರೆದಿದ್ದರೂ ಸಾಕಾಗುತ್ತಿತ್ತು. ಮಾತ್ರೆ ಹೊರಗೆ ಬಂತು. ಅವರು ಅದನ್ನು ನುಂಗಿ, ನೀರು ಕುಡಿದು, "ಚಾಂದನಿ ಮೇವು ತಿಂತಿದಾಳಾ?" ಎಂದು ಕೇಳಿದರು.

"ತಿಂತಿದಾಳೆ ಮಿಸ್," ಅಂದೆ.

ಅದೇ ನಮ್ಮ ಕೊನೆಯ ಮಾತು. ತಿಂಗಳೊಳಗೆ ಮಿಸ್ ತೀರಿಕೊಂಡರು. ನಾನು ಹೋಗಿ ನೋಡಿದಾಗ ಎದೆಯ ಮೇಲೆ ಕೈ ಜೋಡಿಸಿ ಮಲಗಿಸಿದ್ದರು, ಬೆರಳುಗಳು ನೆಟ್ಟಗಿದ್ದವು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

ಈಗ ನನಗೂ ಐವತ್ತು ದಾಟಿದೆ. ಚಾಂದನಿ ಇಲ್ಲ, ಬೇರೆ ಕುದುರೆ, ಅದೇ ಕುಣಿಕೆಯ ಲಗಾಮು. ನನ್ನ ಕೈ ನೋಡಿ, ಇಂಥ ಕೈಯಲ್ಲಿ ಹೇಗೆ ಸವಾರಿ ಮಾಡ್ತೀರ ಎಂದು ಕಾಯಿಲೆಯವರು ಯಾರಾದರೂ ಆಗಾಗ ಕೇಳುತ್ತಾರೆ. ನಾನು ಮೊದಲು ಪರ್ಸಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದು ತೋರಿಸುತ್ತೇನೆ, ಆಮೇಲೆ ಕುದುರೆ. ಗುರುವಾರ ನಾನೂ ಲಾಯಕ್ಕೆ ಹೋಗುವುದಿಲ್ಲ. ಒಪ್ಪತ್ತೇ ಎಂದು ಕೇಳಿದವರಿಗೆ, ಅಲ್ಲ, ನಿನ್ನೆ ರಾತ್ರಿ ಮಾತ್ರೆ ನುಂಗಿದ್ದೇನೆ, ಹೊಟ್ಟೆ ತೊಳಸುತ್ತಿದೆ ಅನ್ನುತ್ತೇನೆ.